ತೋಟದ ಆಳು, ಮುಂಗಡದ ಸಾಲ: ಎರಡು ನಾಡುಗಳ ಪಾಠ



ಕಾಫಿ ಹಣ್ಣಾಗುವ, ಅಡಿಕೆ ಕೊನೆ ಇಳಿಸುವ ದಿನಗಳು ಹತ್ತಿರ ಬಂದಂತೆ ಸಿದ್ಧಾರ್ಥನಗರದ ನಮ್ಮ ಕಚೇರಿಗೆ ಬರುವ ಸದಸ್ಯರಿಂದ ಎರಡು ಮಾತುಗಳನ್ನು ತಪ್ಪದೆ ಕೇಳುತ್ತೇವೆ. ಆಳು ಸಿಗುವುದಿಲ್ಲ ಎಂಬುದು ಒಂದು. ಮುಂಗಡ ತೆಗೆದುಕೊಂಡ ಆಳು ಬರಲೇ ಇಲ್ಲ ಎಂಬುದು ಇನ್ನೊಂದು. ಬೆಲೆ, ಗೊಬ್ಬರ, ಕಾಂಡಕೊರಕದ ಮಾತು ಏನಿದ್ದರೂ ಆಮೇಲೆ. ‘ದುಡ್ಡು ಕೊಟ್ಟ ಮೇಲೆ ಆಳು ಬಂದು ದುಡಿಯಲೇಬೇಕು ಎನ್ನುವ ಕಾನೂನು ಇಲ್ಲವೇ?’ ಎಂದು ಕೇಳುವವರೂ ಉಂಟು. ಅಂಥ ಕಾನೂನು ಒಂದು ಕಾಲದಲ್ಲಿ ಇತ್ತು. ಅದು ಏಕೆ ಬಂತು, ಯಾರಿಗೆ ಏನು ಮಾಡಿತು, ಈಗ ಅದರ ಜಾಗದಲ್ಲಿ ಏನಿದೆ ಎಂಬುದನ್ನು ತಿಳಿಯುವ ಸಲುವಾಗಿ ಈ ಪಾಠ.

ನಮ್ಮ ಮಲೆನಾಡಿನ ವಿಷಯಕ್ಕೆ ಬರುವ ಮೊದಲು ಸಮುದ್ರದಾಚೆಯ ಒಂದು ಉದಾಹರಣೆಯನ್ನು ನೋಡುವುದು ಒಳ್ಳೆಯದು. ಇಂಗ್ಲೆಂಡಿನ ಆಳ್ವಿಕೆಯಲ್ಲಿದ್ದ ಅಮೆರಿಕದ ವಸಾಹತುಗಳಲ್ಲಿ ಒಂದೇ ಕರಾವಳಿಯ ಉದ್ದಕ್ಕೂ ಬೆಳೆ ಬೇರೆಯಾದಂತೆ ದುಡಿಮೆಯ ಪದ್ಧತಿಯೂ ಬೇರೆಯಾಯಿತು. ಹೀಗಾಗಿ ಯಾವುದು ಏತಕ್ಕೆ ಹುಟ್ಟಿತು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹೊಗೆಸೊಪ್ಪು, ಭತ್ತ, ಗೋಧಿ

ಇಂಗ್ಲಿಷರು 1607ರಲ್ಲಿ ವರ್ಜೀನಿಯದ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದರು. ಐದಾರು ವರ್ಷಗಳಲ್ಲಿ ಹೊಗೆಸೊಪ್ಪು ಅಲ್ಲಿ ಕೈಹಿಡಿಯಿತು. ಈ ಬೆಳೆಗೆ ಎಷ್ಟು ಕೈ ಬೇಕು ಎಂಬುದನ್ನು ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಸಸಿಮಡಿ, ನಾಟಿ, ಕುಡಿ ಚಿವುಟುವುದು, ಎಲೆ ಮುರಿಯುವುದು, ಹದ ಮಾಡುವುದು ಎಂದು ವರ್ಷದ ಬಹುಭಾಗ ಕೆಲಸ ಇದ್ದೇ ಇರುತ್ತದೆ. ಆದರೆ ವರ್ಜೀನಿಯದಲ್ಲಿ ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲ ಬೇಕಾದಷ್ಟಿತ್ತು. ತನ್ನದೇ ಹೊಲ ಮಾಡಿಕೊಳ್ಳಬಲ್ಲವನು ಇನ್ನೊಬ್ಬರ ಹೊಲದಲ್ಲಿ ಏಕೆ ಬೆವರು ಸುರಿಸಬೇಕು? ದೊಡ್ಡ ಬೆಳೆಗಾರರಿಗೆ ಎದುರಾದ ತೊಡಕು ಇದೇ.

ಅವರು ಕಂಡುಕೊಂಡ ಮೊದಲ ಉಪಾಯ ಕರಾರಿನ ಆಳು. ಇಂಗ್ಲೆಂಡಿನ ಬಡ ಹುಡುಗ ಹುಡುಗಿಯರ ಹಡಗಿನ ಖರ್ಚನ್ನು ಯಜಮಾನ ಕೊಡುತ್ತಿದ್ದ. ಅದಕ್ಕೆ ಪ್ರತಿಯಾಗಿ ಅವರು ಸಾಮಾನ್ಯವಾಗಿ 4ರಿಂದ 7 ವರ್ಷ ಸಂಬಳವಿಲ್ಲದೆ ದುಡಿಯಬೇಕು. ಹೀಗೆ ಒಬ್ಬನನ್ನು ಕರೆತಂದ ಯಜಮಾನನಿಗೆ ತಲೆಗೆ 50 ಎಕರೆ ನೆಲ ಬೇರೆ ಸಿಗುತ್ತಿತ್ತು. ಹಡಗಿನ ಖರ್ಚು ಎಂದರೆ ನಮ್ಮ ಭಾಷೆಯಲ್ಲಿ ಮುಂಗಡವೇ. ಓಡಿಹೋಗಿ ಸಿಕ್ಕಿಬಿದ್ದವನ ಅವಧಿಯನ್ನು ನ್ಯಾಯಾಲಯ ಇನ್ನಷ್ಟು ಉದ್ದ ಮಾಡುತ್ತಿತ್ತು. ಅವಧಿ ಮುಗಿಯುವ ಮೊದಲೇ ಜ್ವರದಿಂದ ಸತ್ತವರು ಬಹಳ ಮಂದಿ.

1619ರಲ್ಲಿ ಆಫ್ರಿಕದ ಜನರನ್ನು ಹೊತ್ತ ಹಡಗು ವರ್ಜೀನಿಯಕ್ಕೆ ಬಂತು. ಮೊದಮೊದಲು ಅವರ ಸ್ಥಾನಮಾನದ ಬಗ್ಗೆ ಕಾನೂನು ಸ್ಪಷ್ಟವಾಗಿರಲಿಲ್ಲ. ಆಮೇಲೆ ಒಂದೊಂದಾಗಿ ಗಂಟು ಬಿಗಿದರು. 1662ರಲ್ಲಿ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ ಎಂದು ಕಾನೂನಾಯಿತು. ಗುಲಾಮ ತಾಯಿಯ ಮಗು ಹುಟ್ಟಿನಿಂದಲೇ ಗುಲಾಮ. 1676ರಲ್ಲಿ ಬೇಕನ್ ಎಂಬಾತನ ನಾಯಕತ್ವದಲ್ಲಿ ದಂಗೆ ಎದ್ದಾಗ ಬಿಳಿಯ ಕರಾರಿನ ಆಳುಗಳೂ ಕರಿಯ ಆಳುಗಳೂ ಒಟ್ಟಿಗೆ ಆಯುಧ ಹಿಡಿದರು. ಇದನ್ನು ಕಂಡ ದೊಡ್ಡ ಬೆಳೆಗಾರರು ಬೆಚ್ಚಿದರು. ಇಂಗ್ಲೆಂಡಿನಿಂದ ಬರುವ ಆಳುಗಳೂ ಆ ಹೊತ್ತಿಗೆ ಕಡಿಮೆಯಾಗುತ್ತಿದ್ದರು. 1705ರ ಗುಲಾಮಗಿರಿ ಕಾನೂನು ಬರುವಷ್ಟರಲ್ಲಿ ವರ್ಜೀನಿಯದ ಹೊಗೆಸೊಪ್ಪು ಗುಲಾಮರ ಬೆಳೆಯಾಗಿತ್ತು.

ತೆಂಕಣ ಕರೊಲೈನದಲ್ಲಿ ಬೆಳೆದದ್ದು ಭತ್ತ. ಜೌಗು ಭೂಮಿಯಲ್ಲಿ ಬದು ಕಟ್ಟಿ ನೀರು ನಿಲ್ಲಿಸಿ ಭತ್ತ ಬೆಳೆಯುವ ವಿದ್ಯೆ ಪಶ್ಚಿಮ ಆಫ್ರಿಕದ ಜನರಿಗೆ ಗೊತ್ತಿತ್ತು, ಇಂಗ್ಲಿಷರಿಗೆ ಗೊತ್ತಿರಲಿಲ್ಲ. 1708ರ ಹೊತ್ತಿಗೆ ಆ ವಸಾಹತಿನಲ್ಲಿ ಬಿಳಿಯರಿಗಿಂತ ಕರಿಯರೇ ಹೆಚ್ಚಾಗಿದ್ದರು. ಅಲ್ಲಿ ದುಡಿಮೆಯನ್ನು ಲೆಕ್ಕದ ಮೇಲೆ ಹಂಚುತ್ತಿದ್ದರು: ಒಬ್ಬ ಆಳಿಗೆ ದಿನಕ್ಕೆ ಕಾಲು ಎಕರೆ ಗುದ್ದಲಿ ಕೆಲಸ ಎಂಬಂತೆ. ಲೆಕ್ಕ ಮುಗಿಸಿದವನು ಉಳಿದ ಹೊತ್ತಿನಲ್ಲಿ ತನ್ನ ಗುಡಿಸಲ ಹಿಂದೆ ತರಕಾರಿ ಬೆಳೆದುಕೊಳ್ಳಬಹುದಿತ್ತು. ಇದನ್ನು ಯಜಮಾನನ ದೊಡ್ಡತನ ಎಂದು ತಿಳಿಯಬಾರದು. ಆಳಿನ ಊಟದ ಒಂದು ಪಾಲನ್ನು ಆಳೇ ದುಡಿದುಕೊಂಡರೆ ಯಜಮಾನನಿಗೆ ಖರ್ಚು ಉಳಿಯುತ್ತಿತ್ತು.

ಉತ್ತರದ ನ್ಯೂ ಇಂಗ್ಲೆಂಡಿನಲ್ಲಿ ಕಲ್ಲುನೆಲ, ಉದ್ದದ ಚಳಿಗಾಲ. ರಫ್ತಿಗೆ ದೊಡ್ಡ ಬೆಳೆ ಇಲ್ಲ. ಅಲ್ಲಿನ ರೈತ ಹೆಂಡತಿ ಮಕ್ಕಳೊಡನೆ ತಾನೇ ದುಡಿದ. ಮೀನು ಹಿಡಿದ, ಹಡಗು ಕಟ್ಟಿದ. ಪೆನ್ಸಿಲ್ವೇನಿಯದ ಗೋಧಿ ಹೊಲಗಳಲ್ಲೂ ಮನೆಮಂದಿಯ ದುಡಿಮೆಯೇ ಮುಖ್ಯ. ಜೊತೆಗೆ ಹಡಗಿನ ಸಾಲ ಹೊತ್ತು ಬಂದ ಜರ್ಮನರು ಕೆಲವು ವರ್ಷ ದುಡಿದುಕೊಡುತ್ತಿದ್ದರು. ಹಾಗೆಂದು ಉತ್ತರದವರ ಕೈ ಶುದ್ಧವಾಗಿತ್ತು ಎನ್ನಲಾಗದು. ಅಲ್ಲೂ ಗುಲಾಮರಿದ್ದರು, ಸಂಖ್ಯೆ ಕಡಿಮೆ ಅಷ್ಟೆ. ಅವರ ಕೀಳು ದರ್ಜೆಯ ಒಣಮೀನಿಗೆ ವೆಸ್ಟ್ ಇಂಡೀಸಿನ ಸಕ್ಕರೆ ತೋಟಗಳೇ ಗಿರಾಕಿ. ಗುಲಾಮರಿಗೆ ಉಣ್ಣಿಸಲು ಅದನ್ನು ಕೊಳ್ಳುತ್ತಿದ್ದರು.

ಜಾರ್ಜಿಯ ಎಂಬ ವಸಾಹತಿನಲ್ಲಿ 1735ರಲ್ಲಿ ಗುಲಾಮಗಿರಿಯನ್ನೇ ನಿಷೇಧಿಸಿದರು. ಸಣ್ಣ ರೈತರು ಸ್ವಂತ ದುಡಿಮೆಯಿಂದ ಬಾಳಲಿ ಎಂಬುದು ಉದ್ದೇಶ. ಪಕ್ಕದ ಕರೊಲೈನದವರ ಭತ್ತದ ಲಾಭ ಕಂಡವರು ಅರ್ಜಿಯ ಮೇಲೆ ಅರ್ಜಿ ಹಾಕಿದರು. 1751ರಲ್ಲಿ ನಿಷೇಧ ಹೋಯಿತು.

ಹುಟ್ಟಾಳು, ಮಣ್ಣಾಳು

ಇನ್ನು ನಮ್ಮ ನಾಡಿಗೆ ಬರೋಣ. ಬಿಳಿಯ ದೊರೆಗಳು ಕಾಫಿ ಹಾಕುವ ಮೊದಲು ಮಲೆನಾಡಿನಲ್ಲಿ ಎಲ್ಲರೂ ಸ್ವತಂತ್ರರಾಗಿ ದುಡಿಯುತ್ತಿದ್ದರು ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಮಂಜರಾಬಾದು, ಎಂದರೆ ಇಂದಿನ ಸಕಲೇಶಪುರದ ಕಡೆ, ಎರಡು ಬಗೆಯ ಆಳುಗಳಿದ್ದರೆಂದು ಲೂಯಿ ರೈಸ್ ಅವರ ಮೈಸೂರು ಗ್ಯಾಸೆಟಿಯರ್ ದಾಖಲಿಸಿದೆ. ಯಜಮಾನನ ಮನೆಯಲ್ಲೇ ಹುಟ್ಟಿ ಬೆಳೆದವನು ಹುಟ್ಟಾಳು. ಭೂಮಿಯೊಡನೆ ಅಂಟಿಕೊಂಡವನು ಮಣ್ಣಾಳು. ಕೊಡಗಿನಲ್ಲೂ ಇಂಥದೇ ಭೇದವಿತ್ತು: ಭೂಮಿ ಜಮ್ಮದ ಆಳನ್ನು ನೆಲದಿಂದ ಕದಲಿಸುವಂತಿಲ್ಲ, ಒಕ್ಕಲು ಜಮ್ಮದ ಆಳು ಮನೆತನದ ಸ್ವತ್ತು. ಇವರೆಲ್ಲ ದಲಿತರು, ಯರವರು. ದಕ್ಷಿಣ ಕನ್ನಡದಲ್ಲಿ ‘ಮೂಲದ ಆಳು’ ಎಂಬ ಮಾತು ಹಳಬರ ಬಾಯಲ್ಲಿ ನಿನ್ನೆ ಮೊನ್ನೆಯವರೆಗೂ ಇತ್ತು.

ವರ್ಜೀನಿಯದವರು 1662ರಲ್ಲಿ ಕಾನೂನು ಬರೆದು ಮಾಡಿದ್ದನ್ನು ನಮ್ಮವರು ಜಾತಿಯ ಕಟ್ಟಿನಿಂದಲೇ ಮಾಡಿದ್ದರು. ‘ಹುಟ್ಟಾಳು’ ಎಂಬ ಒಂದು ಶಬ್ದದಲ್ಲಿ ಆ ಕಾನೂನಿನ ತಾತ್ಪರ್ಯ ಅಡಗಿದೆ. ಇದನ್ನು ಬರೆಯುವಾಗ ನಮಗೆ ಹಿತವೆನಿಸುವುದಿಲ್ಲ. ನಮ್ಮ ಸದಸ್ಯರಲ್ಲಿ ಆಳಿಸಿದ ಮನೆತನದವರೂ ಇದ್ದಾರೆ, ಆಳಾಗಿದ್ದವರ ಮೊಮ್ಮಕ್ಕಳೂ ಇದ್ದಾರೆ. ಇಬ್ಬರೂ ಇದನ್ನು ತಿಳಿದಿರುವುದು ಮೇಲು.

1843ರ 5ನೆಯ ಕಾನೂನಿನ ಮೂಲಕ ಕಂಪನಿ ಸರಕಾರವು ಗುಲಾಮಗಿರಿಯ ಹಕ್ಕನ್ನು ನ್ಯಾಯಾಲಯಗಳು ಎತ್ತಿಹಿಡಿಯುವಂತಿಲ್ಲ ಎಂದಿತು. ಗುಲಾಮರ ಮಾರಾಟ ಶಿಕ್ಷಾರ್ಹ ಅಪರಾಧವಾದದ್ದು 1862ರಲ್ಲಿ ದಂಡಸಂಹಿತೆ ಜಾರಿಗೆ ಬಂದ ಮೇಲೆ. ಎರಡು ಕಾನೂನುಗಳೂ ಆಳಿಗೆ ಒಂದು ಗುಂಟೆ ನೆಲವನ್ನೂ ಕೊಡಲಿಲ್ಲ. ನೆಲವಿಲ್ಲದೆ ಬಿಡುಗಡೆಯಾದವನಿಗೆ ಸಾಲ ಬೇಕಾಯಿತು, ಸಾಲ ಕೊಡುವವರು ಕಾದಿದ್ದರು. 1865ರಲ್ಲಿ ಅಮೆರಿಕದ ಗುಲಾಮರು ಬಿಡುಗಡೆಯಾದಾಗಲೂ ದಕ್ಷಿಣದ ರಾಜ್ಯಗಳಲ್ಲಿ ನಡೆದದ್ದು ಇದೇ. ಅದೇ ನೆಲದಲ್ಲಿ ಅವರು ಪಾಲಿನ ಒಕ್ಕಲಾಗಿ, ಬೆಳೆಯ ಮೇಲಿನ ಸಾಲಕ್ಕೆ ಸಿಕ್ಕಿದರು.

ಮೇಸ್ತ್ರಿಯ ದಾರಿ

ಬಾಬಾ ಬುಡನ್ ತಂದರೆಂದು ಹೇಳುವ ಕಾಫಿ ಬೀಜ ಬಹುಕಾಲ ಹಿತ್ತಿಲ ಗಿಡವಾಗಿಯೇ ಇತ್ತು. ಚಿಕ್ಕಮಗಳೂರಿನ ಬಳಿ 1830ರ ಸುಮಾರಿಗೆ ಕ್ಯಾನನ್, ಮಂಜರಾಬಾದಿನಲ್ಲಿ 1843ರಲ್ಲಿ ಗ್ರೀನ್, ಮಡಿಕೇರಿಯಲ್ಲಿ 1854ರಲ್ಲಿ ಫೌಲರ್ ಎಂಬ ಬಿಳಿಯರು ದೊಡ್ಡ ತೋಟಗಳನ್ನು ಆರಂಭಿಸಿದರು. ಸ್ಥಳೀಯ ಆಳುಗಳು ಭತ್ತದ ಗದ್ದೆಗೆ, ಗೌಡರ ಮನೆಗೆ ಕಟ್ಟುಬಿದ್ದವರು. ಹೊಸ ತೋಟಗಳಿಗೆ ಆಳು ಹೊರಗಿನಿಂದ ಬರಬೇಕಾಯಿತು.

ಹೊರಗೆ ಎಂದರೆ ಎಲ್ಲಿ? ಕ್ಯಾಲೆಂಡರು ನೋಡಿದರೆ ತಿಳಿಯುತ್ತದೆ. ಮೈದಾನ ಸೀಮೆಯ ರಾಗಿ ಕೊಯ್ಲು ಮಾರ್ಗಶಿರದ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಂದ ಮುಂಗಾರಿನವರೆಗೆ ಒಣ ಸೀಮೆಯ ಕೂಲಿಯವನಿಗೆ ಕೆಲಸವಿಲ್ಲ. ಕರಾವಳಿಯ ಏಣೆಲು ಕೊಯ್ಲು ಅದಕ್ಕಿಂತ ಮೊದಲೇ ಮುಗಿಯುತ್ತದೆ. ಕಾಫಿ ಹಣ್ಣು ಬಿಡಿಸುವುದು ಸರಿಯಾಗಿ ಆ ತಿಂಗಳುಗಳಲ್ಲೇ. ಹೀಗಾಗಿ ಹೆಗ್ಗಡದೇವನಕೋಟೆ, ಹುಣಸೂರು, ನಂಜನಗೂಡು ಕಡೆಯವರು ಪಶ್ಚಿಮಕ್ಕೆ ನಡೆದರು, ತುಳುನಾಡಿನವರು ಘಟ್ಟ ಹತ್ತಿದರು. ಯುಗಾದಿಗೆ ಊರಿಗೆ ಮರಳುವುದು ವಾಡಿಕೆ. ಮಳೆಗೆ ಮುಂಚಿನ ಚಳಿಜ್ವರದ ಭಯವೂ ಅದಕ್ಕೆ ಕಾರಣ. 1876ರಿಂದ 78ರವರೆಗಿನ ಮಹಾ ಕ್ಷಾಮದಲ್ಲಿ ಮೈಸೂರು ಸೀಮೆ ನುಗ್ಗಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಇದ್ದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು.

ಜನರನ್ನು ಕರೆತರುವ ಕೆಲಸ ಮೇಸ್ತ್ರಿಯದು. ತೋಟದ ದೊರೆ ಅವನಿಗೆ ಮುಂಗಡ ಕೊಡುತ್ತಿದ್ದ. ಅವನು ಊರಿಗೆ ಹೋಗಿ ಮದುವೆ, ತಿಥಿ, ಎತ್ತು ಸತ್ತದ್ದು ಎಂದು ಕೈ ಚಾಚುವ ಕುಟುಂಬಗಳಿಗೆ ಅದನ್ನು ಹಂಚುತ್ತಿದ್ದ. ಆಳು ದುಡಿದ ಕೂಲಿಯ ಮೇಲೆ ಅವನಿಗೆ ಕಮಿಷನ್. ಆಳು ತಪ್ಪಿಸಿಕೊಂಡರೆ ನಷ್ಟ ಅವನ ತಲೆಗೆ. ಆದ್ದರಿಂದ ಆಳನ್ನು ಹಿಡಿದಿಡುವುದರಲ್ಲಿ ದೊರೆಗಿಂತ ಅವನಿಗೇ ಹೆಚ್ಚು ಆತುರ. ಎಷ್ಟು ಕೊಟ್ಟದ್ದು, ಎಷ್ಟು ಮುರಿದದ್ದು ಎಂಬ ಲೆಕ್ಕ ಓದು ಬಾರದವರಿಗೆ ತಿಳಿಯುವಂತಿರಲಿಲ್ಲ. ಕುಟುಂಬವೆಲ್ಲ ದುಡಿದರೂ ಹೆಂಗಸಿನ ಕೂಲಿ ಗಂಡಸಿನದಕ್ಕಿಂತ ಕಡಿಮೆ, ಹಣ್ಣು ಬಿಡಿಸುವವರಲ್ಲಿ ಹೆಂಗಸರೇ ಹೆಚ್ಚು. ಸಿಂಹಳದ ತೋಟಗಳಲ್ಲಿ ‘ತುಂಡು’ ಎಂಬ ಚೀಟಿಯ ಪದ್ಧತಿ ಇತ್ತು. ಆಳು ಎಷ್ಟು ಸಾಲ ಹೊತ್ತಿದ್ದಾನೆಂದು ಆ ಚೀಟಿಯಲ್ಲಿ ಬರೆದಿರುತ್ತಿತ್ತು. ಅಷ್ಟು ಹಣ ಕಟ್ಟಿದ ಬೇರೆ ತೋಟದವನು ಅವನನ್ನು ಕರೆದೊಯ್ಯಬಹುದು. ದನದ ಸಂತೆಯ ಚೀಟಿಗೂ ಇದಕ್ಕೂ ಏನು ಅಂತರ ಎಂದು ಓದುಗರೇ ಯೋಚಿಸಲಿ. 1921ರಲ್ಲಿ ಅದನ್ನು ರದ್ದು ಮಾಡಿದರು.

ಈಗ ನಮ್ಮ ಸದಸ್ಯರು ಕೇಳುವ ಕಾನೂನಿನ ವಿಷಯ. ಅದು 1859ರ 13ನೆಯ ಕಾನೂನು, ಕೆಲಸಗಾರರ ಕರಾರು ಭಂಗದ ಕಾನೂನು. ಮುಂಗಡ ಪಡೆದ ಕೂಲಿ ತಕ್ಕ ಕಾರಣವಿಲ್ಲದೆ ಕೆಲಸಕ್ಕೆ ಬಾರದಿದ್ದರೆ ಯಜಮಾನ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಹಣ ಹಿಂತಿರುಗಿಸು, ಇಲ್ಲವೇ ಕೆಲಸ ಮಾಡು ಎಂದು ಅಪ್ಪಣೆಯಾಗುತ್ತದೆ. ಎರಡನ್ನೂ ಮಾಡದಿದ್ದರೆ 3 ತಿಂಗಳವರೆಗೆ ಜೈಲು. ಇತರರ ನಡುವಿನ ಸಾಲದ ವ್ಯಾಜ್ಯ ಸಿವಿಲ್ ಕೋರ್ಟಿನ ವಿಷಯ. ಕೂಲಿಯವನ ಸಾಲ ಮಾತ್ರ ಜೈಲಿನ ವಿಷಯ. ಕೂಲಿ ಕೊಡದೆ ಕರಾರು ಮುರಿದ ಯಜಮಾನನಿಗೆ ಈ ಕಾನೂನಿನಲ್ಲಿ ಯಾವ ಶಿಕ್ಷೆಯೂ ಇರಲಿಲ್ಲ. ಕೊಡಗು ಸೇರಿದಂತೆ ತೋಟದ ಸೀಮೆಗಳಲ್ಲಿ ಇದು ಜಾರಿಯಲ್ಲಿತ್ತು. ಬ್ರಿಟಿಷ್ ಇಂಡಿಯದಲ್ಲಿ ಇದು ರದ್ದಾದದ್ದು 1925ರ ಕಾನೂನಿನಿಂದ.

ಇದರಿಂದ ಆಳಿನ ಅಭಾವ ನೀಗಿತೇ ಎಂದರೆ ಇಲ್ಲ. ಅರುವತ್ತಕ್ಕೂ ಹೆಚ್ಚು ವರ್ಷ ಜೈಲಿನ ಭಯ ಇದ್ದಾಗಲೂ ತೋಟದ ದೊರೆಗಳು ಆಳು ಓಡಿಹೋಗುತ್ತದೆ, ಮುಂಗಡ ಮುಳುಗುತ್ತದೆ ಎಂದು ದೂರುತ್ತಲೇ ಇದ್ದರು. ಮುಂಗಡ ಹೆಚ್ಚಿಸಿ ಆಳನ್ನು ಹಿಡಿಯಲು ತೋಟ ತೋಟದ ನಡುವೆ ಪೈಪೋಟಿ. ಕೂಲಿ ಹೆಚ್ಚಿಸಲು ಮಾತ್ರ ಹಿಂಜರಿಕೆ. ನಮ್ಮ ಅಭಿಪ್ರಾಯದಲ್ಲಿ ಕಾನೂನು ಆಳನ್ನು ತರಲಿಲ್ಲ, ಕೂಲಿ ಏರದಂತೆ ತಡೆಯಿತು ಅಷ್ಟೆ.

ಲೆಕ್ಕದ ಪುಸ್ತಕ ಹೇಳದ ಭಾಗವನ್ನು ತಿಳಿಯಬೇಕಾದರೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಓದಬೇಕು. 1933ರ ಕಾದಂಬರಿ, 1975ರ ಚಲನಚಿತ್ರವನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದಾರೆ. ಚೋಮ ತೋಟದ ಸಾಲ ತೀರಿಸಲು ಮಕ್ಕಳನ್ನು ಘಟ್ಟದ ಕಾಫಿ ತೋಟಕ್ಕೆ ಕಳಿಸುತ್ತಾನೆ. ಒಬ್ಬ ಮಗ ಜ್ವರಕ್ಕೆ ಬಲಿಯಾಗುತ್ತಾನೆ. ಆಮೇಲೆ ಮಗಳು ಬೆಳ್ಳಿ ಹೋಗುತ್ತಾಳೆ. ಆ ಸಾಲ ಯಾವ ಬೆಲೆಗೆ ತೀರಿತು ಎಂಬುದನ್ನು ಓದಿದವರು ಮರೆತಿರಲಾರರು.

ಅಡಿಕೆ ತೋಟದ ಲೆಕ್ಕ ಬೇರೆ

ಅಡಿಕೆಗೆ ಒಮ್ಮೆಗೇ ನೂರು ಆಳು ಬೇಕಿಲ್ಲ. ವರ್ಷವಿಡೀ ಸ್ವಲ್ಪ ಸ್ವಲ್ಪ ಕೆಲಸ, ನಡುನಡುವೆ ಕುಶಲಿಗಳ ಅಗತ್ಯ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ, ಕೊಳೆ ಔಷಧಿ ಹೊಡೆಯುವವನು ಇವರನ್ನು ಹೆದರಿಸಿ ಕೆಲಸ ಮಾಡಿಸಲಾಗದು. ಮರದ ತುದಿಯಲ್ಲಿರುವವನ ಮೇಲೆ ಯಾವ ಮೇಸ್ತ್ರಿಯ ಅಧಿಕಾರ ನಡೆದೀತು? 1801ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹವ್ಯಕರು ಅಡಿಕೆ ತೋಟಗಳಲ್ಲಿ ಸ್ವತಃ ಕೈಯಾರೆ ದುಡಿಯುವುದನ್ನು ಗಮನಿಸಿ ಬರೆದಿದ್ದಾನೆ. ಮನೆಮಂದಿ, ಮುಯ್ಯಾಳು, ಜೊತೆಗೆ ಒಬ್ಬಿಬ್ಬರು ಆಳು ಎಂಬ ಈ ಪದ್ಧತಿ ನ್ಯೂ ಇಂಗ್ಲೆಂಡಿನ ರೈತನದಕ್ಕೆ ಹತ್ತಿರ. ಹಾಗೆಂದು ಅಡಿಕೆಯವರು ಹೆಮ್ಮೆಪಡುವ ಮೊದಲು ಇನ್ನೊಂದು ಮಾತು: ಅದೇ ಬುಕಾನನ್ ಅದೇ ಸೀಮೆಯಲ್ಲಿ ಗುಲಾಮ ಆಳುಗಳನ್ನೂ ಕಂಡಿದ್ದ. ಕರಾವಳಿಯಲ್ಲಿ ಎಷ್ಟೋ ತೋಟಗಳನ್ನು ಬೆಳೆಸಿದವರು ಚಾಲಗೇಣಿ ಒಕ್ಕಲುಗಳು, ಯಾವ ವರ್ಷ ಬೇಕಾದರೂ ಎಬ್ಬಿಸಬಹುದಾಗಿದ್ದವರು.

ಇಲ್ಲಿ ಕಾನೂನು ಬೇರೆ ದಾರಿ ಹಿಡಿಯಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಭೂಸುಧಾರಣೆ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. 7ನೆಯ ನಮೂನೆ ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಕೊಟ್ಟ ಗೇಣಿದಾರರು ಒಡೆಯರಾದರು. ನಮ್ಮ ಅಡಿಕೆ ಸದಸ್ಯರಲ್ಲಿ ಎಷ್ಟೋ ಮನೆಗಳ ಪಹಣಿ ಹುಟ್ಟಿದ್ದು ಅಂದೇ. ಆದರೆ ಕಾಫಿ, ಏಲಕ್ಕಿ, ಮೆಣಸು, ಚಹ, ರಬ್ಬರು ತೋಟಗಳಿಗೆ ಆ ಕಾನೂನಿನಿಂದ ವಿನಾಯಿತಿ ಇತ್ತು. ಅಡಿಕೆ ಆ ಪಟ್ಟಿಯಲ್ಲಿರಲಿಲ್ಲ. ಗೇಣಿಗೆ ಅಡಿಕೆ ಮಾಡಿದವನಿಗೆ ನೆಲ ಸಿಕ್ಕಿತು. ಕಾಫಿ ತೋಟದ ಲೈನು ಮನೆಯಲ್ಲಿ ಮೂರು ತಲೆಮಾರು ಬಾಳಿದವನಿಗೆ ಮನೆಯ ನಿವೇಶನವೂ ಸಿಗಲಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕಿತ್ತುಹಾಕಿದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಅಲ್ಲಿದ್ದವರಲ್ಲಿ ಬಹಳ ಮಂದಿ ಲೈನು ಮನೆಗಳನ್ನು ಬಿಟ್ಟು ಬಂದವರು.

1951ರ ತೋಟ ಕಾರ್ಮಿಕರ ಕಾನೂನು ವಸತಿ, ಆಸ್ಪತ್ರೆ, ಶಿಶುವಿಹಾರಗಳನ್ನು ಕಡ್ಡಾಯ ಮಾಡಿತ್ತು. ಅದು 25 ಎಕರೆಗೂ 30 ಆಳಿಗೂ ಮೇಲ್ಪಟ್ಟ ತೋಟಗಳಿಗೆ. 1981ರ ತಿದ್ದುಪಡಿಯ ಮೇಲೆ 5 ಹೆಕ್ಟೇರು, 15 ಆಳು. 2020ರಲ್ಲಿ ಅದನ್ನು ಹೊಸ ಸಂಹಿತೆಯೊಳಗೆ ಸೇರಿಸಿದರು. ಸಣ್ಣ ಹಿಡುವಳಿಗಳು ಬಹುಮಟ್ಟಿಗೆ ಇದರ ಹೊರಗೇ ಉಳಿದವು. ಆದರೆ ಮುಂದೆ ಹೇಳುವ ಕಾನೂನಿಗೆ ಎಕರೆಯ ಮಿತಿ ಇಲ್ಲ.

ಇಂದಿನ ಮುಂಗಡ

ಇಂದು ಮೇಸ್ತ್ರಿಯ ಜಾಗದಲ್ಲಿ ಏಜೆಂಟ ಇದ್ದಾನೆ. ಆಳು ಅಸ್ಸಾಮಿನಿಂದಲೂ ಬಂಗಾಳದಿಂದಲೂ ರೈಲಿನಲ್ಲಿ ಬರುತ್ತದೆ. ರೈಲಿನ ಖರ್ಚು, ಏಜೆಂಟನ ದುಡ್ಡು, ಅಕ್ಕಿ ಬೇಳೆ ಎಲ್ಲವೂ ಮುಂಗಡದ ಖಾತೆಗೆ. ಕರಾರಿನ ಆಳಿನ ಹಡಗಿನ ಖರ್ಚನ್ನು ಓದುಗರು ನೆನಪಿಗೆ ತಂದುಕೊಳ್ಳಬಹುದು.

1976ರ ಜೀತಪದ್ಧತಿ ರದ್ದು ಕಾನೂನು ಮುಂಗಡ ಕೊಡುವುದನ್ನು ನಿಷೇಧಿಸಿಲ್ಲ. ಆ ಮುಂಗಡದ ಕಾರಣದಿಂದ ಆಳು ಕೂಲಿಯಿಲ್ಲದೆ ಅಥವಾ ನಾಮಮಾತ್ರದ ಕೂಲಿಗೆ ದುಡಿಯಬೇಕಾಗಿ ಬಂದರೆ, ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ತಪ್ಪಿದರೆ, ಓಡಾಡುವ ಸ್ವಾತಂತ್ರ್ಯ ತಪ್ಪಿದರೆ ಅದು ಜೀತ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪು ಕೊಟ್ಟಿದೆ. ಜೀತಕ್ಕೆ 3 ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ. ಸಾಲವೂ ಅಲ್ಲಿಗೆ ತೀರಿದಂತೆ. ಅಂದರೆ 1859ರ ಕಾನೂನಿನಲ್ಲಿ ಮುಂಗಡದ ಹೆಸರಿನಲ್ಲಿ ಜೈಲಿಗೆ ಹೋಗುತ್ತಿದ್ದವನು ಆಳು. ಈಗ ಮುಂಗಡದಿಂದ ಆಳನ್ನು ಕಟ್ಟಿದರೆ ಹೋಗುವವನು ಯಜಮಾನ.

‘ಸಾಲ ತೀರುವ ತನಕ ಪಕ್ಕದ ತೋಟಕ್ಕೆ ಕಾಲಿಡಬೇಡ’ ಎಂದು ಹೇಳುವ ಮೂರು ಎಕರೆಯ ಬೆಳೆಗಾರನಿಗೆ ತಾನು ಜೀತ ಇಟ್ಟುಕೊಂಡಿದ್ದೇನೆಂಬ ಅರಿವು ಇರಲಾರದು. ಆಳಿನ ಆಧಾರ್ ಕಾರ್ಡು, ಪಡಿತರ ಚೀಟಿಯನ್ನು ‘ಭದ್ರವಾಗಿರಲಿ’ ಎಂದು ಬೀರುವಿನಲ್ಲಿಡುವವರೂ ಇದ್ದಾರೆ. ಅದನ್ನು ಇಂದೇ ಹಿಂತಿರುಗಿಸಿ. ಬಾರದ ಆಳಿನಿಂದ ಮುಂಗಡ ವಸೂಲು ಮಾಡುವುದು ಸಿವಿಲ್ ಸಾಲದ ವಿಷಯ. ಅದಕ್ಕೆ ಮನೆಯ ಮುಂದೆ ಜೀಪು ನಿಲ್ಲಿಸುವುದು ದಾರಿಯಲ್ಲ. ಅದಕ್ಕಿಂತ ಮುಂಗಡವನ್ನೇ ಕಡಿಮೆ ಮಾಡಿ ಕೂಲಿಯನ್ನು ವಾರವಾರ ಪೂರ್ತಿ ಕೊಡುವುದು ಲಾಭ ಎಂದು ನಮ್ಮ ಎಣಿಕೆ. ಕೂಲಿಯಿಂದ ಮುರಿದುಕೊಳ್ಳುವ ಒಟ್ಟು ಮೊತ್ತ ಅರ್ಧವನ್ನು ಮೀರುವಂತಿಲ್ಲ ಎಂಬ ಮಿತಿಯೂ ಇದೆ.

ಕೂಲಿ ಪುಸ್ತಕದಲ್ಲಿ ಮುಂಗಡಕ್ಕೂ ಕೂಲಿಗೂ ಬೇರೆ ಬೇರೆ ಪುಟ ಇಡಿ. ಹೆಂಡತಿ ದುಡಿದದ್ದನ್ನು ಗಂಡನ ಸಾಲಕ್ಕೆ ಮುರಿಯಬೇಡಿ, ಅವಳ ಕೂಲಿಯನ್ನು ಅವಳ ಹೆಸರಿನಲ್ಲಿ ಬರೆದು ಅವಳ ಕೈಗೆ ಕೊಡಿ. ಪ್ರತಿ ಬಟವಾಡೆಯ ದಿನ ಉಳಿದ ಬಾಕಿಯನ್ನು ಆಳಿಗೆ ಓದಿ ಹೇಳಿ, ಅವರ ಭಾಷೆ ಬಲ್ಲವರಿಂದ ಒಂದು ನಕಲು ಬರೆಸಿ ಅವರ ಬಳಿ ಇರಿಸಿ.

ಮುಂದಿನ ಪಾಠದಲ್ಲಿ ಮೈಸೂರು ಸೀಮೆಯ ಕಾಫಿಯ ಮೇಲೆ ಹಿಂದೆ ಇದ್ದ ಹಾಲತ್ ತೆರಿಗೆಯ ವಿಷಯವನ್ನು ನೋಡೋಣ.